ಟ್ರಾಮಿನ ಕಿಟಕಿ, ನನ್ನ ವಾರ್ನಿಶ್

ವಾರವಿಡೀ ಕೋಡ್ ಬರೆಯುವ ಕೈಗೆ ಶನಿವಾರ ಬೇರೇನಾದರೂ ಕೆಲಸ ಬೇಕೆನಿಸಿತ್ತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಕೊಂಚ ದೂರದ ಶೆಡ್ಡೊಂದರಲ್ಲಿ ಹಳೇ ಟ್ರಾಂ ರಿಪೇರಿಗೆ ಜನ ಬೇಕೆಂದು ಕೇಳಿ ಹೋದೆ. 1920ರ ದಶಕದ ಗಾಡಿ. ಬಡಗಿ ಕೆಲಸದ ಓನಾಮವೂ ಗೊತ್ತಿಲ್ಲದ ನನ್ನ ಪಾಲಿಗೆ ಬಂದದ್ದು ಹನ್ನೊಂದು ಕಿಟಕಿ ಚೌಕಟ್ಟು.

ಅದಕ್ಕೂ ಮೊದಲು ಬಣ್ಣದ ಪತ್ತೇದಾರಿಕೆ. ಹೊರಮೈಯಲ್ಲಿ ಅಂಗೈಯಗಲ ಜಾಗ ಆರಿಸಿ, ನೀರು ಹಾಕುತ್ತ ವಾಟರ್ ಪೇಪರಿನಿಂದ ದುಂಡಗೆ ಉಜ್ಜಬೇಕು. ಹಳೇ ಬಣ್ಣದಲ್ಲಿ ಸೀಸವಿರುತ್ತದೆ. ಧೂಳೇಳಕೂಡದು, ಮಾಸ್ಕ್ ತೆಗೆಯಕೂಡದು. ಉಜ್ಜಿದಂತೆ ಅಡ್ಡ ಕೊಯ್ದ ಈರುಳ್ಳಿಯ ಹಾಗೆ ಉಂಗುರಗಳು ಕಾಣುತ್ತವೆ. ಅಂಚಿಗೆ ಕೆನೆ, ಒಳಗೆ ಹಸಿರು, ನಟ್ಟನಡುವೆ ಇಟ್ಟಿಗೆ ಕೆಂಪು. ಕೆಂಪೇ ಮೂಲ ಎಂದು ನಾನು ಕುಣಿದೆ. ಅದು ಬಣ್ಣಕ್ಕೂ ಮೊದಲು ಬಳಿಯುವ ಪ್ರೈಮರ್ ಅಂತೆ! ಹಸಿರು ಬಳಿಯುವುದೋ ಕೆನೆಯೋ ಎಂದು ಮತ್ತೆರಡು ಶನಿವಾರ ಜಗಳ.

1995ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೋದ ಎಫ್ ಲೈನ್ ಎಂಬ ಟ್ರಾಂ ಮಾರ್ಗದಲ್ಲಿ ಈ ತಂಟೆಯೇ ಇಲ್ಲ. ಫಿಲಡೆಲ್ಫಿಯಾದಿಂದ ತಂದ ಪಿಸಿಸಿ ಎಂಬ ಹಳೇ ಮಾದರಿಯ ಟ್ರಾಂ ಗಾಡಿಗಳಿಗೆ, ಟ್ರಾಂ ಓಡಿಸಿದ ಊರುಗಳ ನೆನಪಿಗೆಂದು, ಒಂದೊಂದಕ್ಕೆ ಒಂದೊಂದು ಊರಿನ ಬಣ್ಣ. ಸಿನ್ಸಿನಾಟಿ ವೇಷದ ಹಳದಿ ಗಾಡಿ ನನಗೆ ಅಚ್ಚುಮೆಚ್ಚು. ಸಾಮಾನ್ಯವಾಗಿ ಹಳಿಯ ಮೂಲಕ ವಾಪಸಾಗುವ ಕರೆಂಟು ಆ ಊರಲ್ಲಿ ಹಾಗೆ ವಾಪಸಾಗುತ್ತಿರಲಿಲ್ಲ, ಅದಕ್ಕೆಂದೇ ಮೇಲೆ ಎರಡನೇ ತಂತಿ ಎಳೆದಿದ್ದರು.

ನನ್ನ ಕಿಟಕಿಗಳಿಗೆ ಬರುತ್ತೇನೆ. ಹಳೇ ಬಣ್ಣ ಕೆರೆದು, ಸುತ್ತಲೂ ಮೂರು ಕೋಟು ವಾರ್ನಿಶ್ ಹೊಡೆದೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಕೂರಿಸಿದರೆ ಒಂದೂ ಅಲುಗಲಿಲ್ಲ. ಜಾರುವ ಅಂಚಿಗೆ ವಾರ್ನಿಶ್ ತಾಗಿಸಲೇಬಾರದಿತ್ತು. ಶೆಡ್ಡಿನ ಹಿರಿಯ ಬಡಗಿ ಬೈಯಲಿಲ್ಲ. ಒಂದು ಕೆರೆಯುವ ಬ್ಲೇಡು, ಒಂದು ತುಂಡು ಮೇಣದಬತ್ತಿ ತಂದು ಮುಂದಿಟ್ಟರು. ಮಳೆಗಾಲದಲ್ಲಿ ಹಿಗ್ಗಿದ ಡ್ರಾಯರಿಗೆ ಅಮ್ಮ ಮೇಣ ತಿಕ್ಕುತ್ತಿದ್ದದ್ದು ಆಗ ನೆನಪಾಯಿತು. ಇಪ್ಪತ್ತೆರಡು ಅಂಚು ಕೆರೆದು ಮೇಣ ತಿಕ್ಕುವಷ್ಟರಲ್ಲಿ ತಿಂಗಳು ಕಳೆಯಿತು. ಈಗ ಎರಡು ಬೆರಳಲ್ಲಿ ಎತ್ತಿದರೂ ಏಳುತ್ತವೆ.

ವಿಡಿಯೋ ಮಾಡಿ ಉಡುಪಿಯ ದೊಡ್ಡಪ್ಪನಿಗೆ ಕಳಿಸಿದೆ. ಹುಡುಗನಾಗಿದ್ದಾಗ ಮುಂಬಯಿಯ ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದವರು. 1964ರ ಮಾರ್ಚ್ 31ರಂದು ಅಲ್ಲಿ ಕೊನೆಯ ಟ್ರಾಂ ಓಡಿದಾಗ ನೋಡಲು ಹೋಗಿದ್ದರಂತೆ. ಕಿಟಕಿಯ ಬಗ್ಗೆ ಚಕಾರ ಎತ್ತಲಿಲ್ಲ.

"ಅದೆಲ್ಲ ಇರಲಿ ಮಾರಾಯ, ಡ್ರೈವರ್ ಕಾಲಲ್ಲಿ ಹೊಡೆಯುವ ಗಂಟೆ ಉಂಟಾ?"

ಉಂಟು. ಇನ್ನೂ ಡಬ್ಬದಲ್ಲಿದೆ, ತುಕ್ಕು ಹಿಡಿದುಕೊಂಡು. ಮುಂದಿನ ಶನಿವಾರ ಅದೇ ಕೆಲಸ.