ಮಕ್ಕಳ ವಾರ್ಡಿನಲ್ಲಿ ಸೂಜಿ ನೋವು ಕಡಿಮೆ ಮಾಡುವುದು ಹೇಗೆ: ಐದು ಜನ, ಒಂದು ನೋಟ್‌ಬುಕ್

ಡೆಂಗಿ ಸೀಸನ್ನಿನಲ್ಲಿ ಯಾವುದಾದರೂ ಮಕ್ಕಳ ವಾರ್ಡಿಗೆ ಬೆಳಿಗ್ಗೆ ಹತ್ತು ಗಂಟೆಗೆ ಬಂದು ನೋಡಿ. ಪ್ಲೇಟ್‌ಲೆಟ್ ಎಷ್ಟಿದೆ ಅಂತ ನೋಡಲು ದಿನಾ ರಕ್ತ ತೆಗೆಯಬೇಕು. ಲ್ಯಾಬಿನವರು ಟ್ರೇ ಹಿಡಿದು ಬಾಗಿಲಲ್ಲಿ ಕಾಣಿಸಿದರೆ ಸಾಕು, ಮೊದಲ ಮಂಚದಿಂದ ಕೊನೆಯ ಮಂಚದವರೆಗೂ ಅಳು ಶುರುವಾಗುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ವಾರ್ಡಿನಲ್ಲಿ ಐದು ವರ್ಷದ ಒಬ್ಬ ಹುಡುಗನನ್ನು ನಾಲ್ಕು ಜನ ಹಿಡಿದಿದ್ದೆವು. ಒಬ್ಬರು ಕಾಲು, ಒಬ್ಬರು ತಲೆ, ನಾನು ಕೈ, ಆಯಾ ಅವನ ಹೊಟ್ಟೆಯ ಮೇಲೆ ಅರ್ಧ ಬಗ್ಗಿ. "ನೀವಿದ್ರೆ ಜಾಸ್ತಿ ಅಳ್ತಾನೆ, ಆಚೆ ಇರಿ" ಅಂತ ಅಮ್ಮನನ್ನು ಹೊರಗೆ ಕಳಿಸಿದ್ದೆವು. ಮೂರನೇ ಸಲ ಚುಚ್ಚಿದಾಗ ರಕ್ತ ಸಿಕ್ಕಿತು. ಮಧ್ಯಾಹ್ನ ಡ್ಯೂಟಿ ಡಾಕ್ಟರ್ ಬಂದು ಇನ್ನೊಂದು ಟೆಸ್ಟ್ ಬರೆದರು. ಸಂಜೆ ಮತ್ತೆ ಅದೇ ನಾಲ್ಕು ಜನ.

ತಪ್ಪು ಯಾರದ್ದು ಅಂತ ಕೇಳಿದರೆ ಒಬ್ಬರತ್ತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಮಾಡಿದ್ದರು, ಅಷ್ಟೇ. ಅದಕ್ಕೇ ಇದನ್ನು ಒಬ್ಬ ಸಿಸ್ಟರ್ ಅಥವಾ ಒಬ್ಬ ಡಾಕ್ಟರ್ ಮಾತ್ರ ಸರಿ ಮಾಡಲು ಆಗುವುದಿಲ್ಲ. ನಿಮ್ಮ ಆಸ್ಪತ್ರೆ ಎಷ್ಟೇ ಸಣ್ಣದಿರಲಿ, ಐದು ಜನ ಸೇರಿ ಇದನ್ನು ಹೇಗೆ ಶುರು ಮಾಡಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೇ ಕಥೆ

"ಮಗು ಅಲ್ವಾ, ಅಳುತ್ತೆ, ಮರೆತುಬಿಡುತ್ತೆ" ಅನ್ನುವವರು ನಿಮ್ಮ ವಾರ್ಡಿನಲ್ಲೂ ಇರುತ್ತಾರೆ. ಅವರಿಗೆ ಹೇಳಲು ಇದು ಬೇಕಾಗುತ್ತದೆ. 1980ರ ದಶಕದಲ್ಲೂ ಎಳೆ ಶಿಶುಗಳಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ ಅಂತ ತುಂಬಾ ಡಾಕ್ಟರುಗಳು ನಂಬಿದ್ದರು. ಮೈ ಅಲುಗಾಡದಂತೆ ಔಷಧ ಕೊಟ್ಟು, ನೋವಿಗೆ ಏನೂ ಕೊಡದೆ ಆಪರೇಷನ್ ಮಾಡಿದ್ದೂ ಇದೆ. ಅಮೆರಿಕದ ಜಿಲ್ ಲಾಸನ್ ಎಂಬ ತಾಯಿಯ ಮಗ ಜೆಫ್ರಿ 1985ರಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ. ಅವನಿಗೆ ಹೃದಯದ ಆಪರೇಷನ್ ಆಗಿದ್ದು ಹೀಗೇ, ಮಗು ಉಳಿಯಲಿಲ್ಲ. ಆಮೇಲೆ ವಿಷಯ ತಿಳಿದಾಗ ಆಕೆ ಸುಮ್ಮನೆ ಕೂರಲಿಲ್ಲ, ಪತ್ರ ಬರೆದರು, ಪತ್ರಿಕೆಗಳ ಹತ್ತಿರ ಹೋದರು. ಅದೇ ಹೊತ್ತಿಗೆ ಭಾರತದಲ್ಲಿ ಡಾಕ್ಟರಿಕೆ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ತಮ್ಮ ಸಂಶೋಧನೆ ಮುಗಿಸಿದ್ದರು. ಆಪರೇಷನ್ ವೇಳೆ ನೋವಿನ ಔಷಧ ಸರಿಯಾಗಿ ಪಡೆದ ಎಳೆ ಶಿಶುಗಳಿಗೆ ಆಮೇಲೆ ತೊಂದರೆ ಕಡಿಮೆ ಅಂತ 1987ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಸಂಘವೂ ತನ್ನ ನಿಲುವು ಬದಲಿಸಿತು. ಒಬ್ಬ ತಾಯಿ, ಒಬ್ಬ ಸಂಶೋಧಕ. ಇಬ್ಬರಲ್ಲಿ ಒಬ್ಬರೇ ಇದ್ದಿದ್ದರೆ ಇಷ್ಟು ಬೇಗ ಆಗುತ್ತಿತ್ತಾ ಅಂತ ನನಗೆ ಅನುಮಾನ.

ಇನ್ನು ಮರೆಯುವ ವಿಚಾರ. ಟೊರಾಂಟೊದ ಅನ್ನಾ ಟ್ಯಾಡಿಯೊ ಮತ್ತು ಜೊತೆಗಾರರು 1997ರಲ್ಲಿ ತೋರಿಸಿದ್ದು ಏನು ಗೊತ್ತಾ? ಹುಟ್ಟಿದ ಹೊಸತರಲ್ಲಿ ನೋವಿನ ಔಷಧ ಇಲ್ಲದೆ ಸುನ್ನತಿ ಆದ ಗಂಡುಮಕ್ಕಳು ನಾಲ್ಕಾರು ತಿಂಗಳ ನಂತರ ಲಸಿಕೆ ಚುಚ್ಚಿದಾಗ ಬೇರೆ ಮಕ್ಕಳಿಗಿಂತ ಜಾಸ್ತಿ ನೋವು ಪಟ್ಟರು. ಮಾತು ಬಾರದ ಮಗುವಿನ ಮೈ ಮರೆತಿರುವುದಿಲ್ಲ.

ಯಾರನ್ನು ಸೇರಿಸಿಕೊಳ್ಳಬೇಕು

ಒಬ್ಬ ಮಕ್ಕಳ ಡಾಕ್ಟರ್, ಒಬ್ಬ ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ಒಬ್ಬ ತಾಯಿ ಅಥವಾ ತಂದೆ. ಇಷ್ಟೇ. ಹದಿನೈದು ಜನರ ಸಮಿತಿ ಮಾಡಬೇಡಿ, ಚಹಾ ಬಿಸ್ಕತ್ತಿನಲ್ಲೇ ಮುಗಿಯುತ್ತದೆ.

ಲ್ಯಾಬಿನವರನ್ನು ಮರೆಯುವವರೇ ಜಾಸ್ತಿ. ದಿನಾ ಚುಚ್ಚುವವರು ಅವರು. ಅವರಿಗೆ ಗಡಿಬಿಡಿ ಇದ್ದರೆ ನಿಮ್ಮ ಪ್ಲಾನೆಲ್ಲಾ ನೀರಿಗೆ ಹಾಕಿದ ಹಾಗೆ. ಫಾರ್ಮಸಿಸ್ಟ್ ಯಾಕೆ ಅಂದರೆ ಚರ್ಮ ಮರಗಟ್ಟಿಸುವ ಕ್ರೀಮಿಗೆ ಇಂಡೆಂಟ್ (ಬೇಕು ಅಂತ ಬರೆದು ಕೇಳುವ ಚೀಟಿ) ಹಾಕುವುದು, ಖಾಲಿಯಾಗುವ ಮೊದಲೇ ಹೇಳುವುದು ಅವರ ಕೈಯಲ್ಲಿದೆ. ತಾಯಿಯನ್ನು ಕೂರಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ. ದೊಡ್ಡ ಡಾಕ್ಟರ ಮುಂದೆ ಅವರು ಬಾಯಿ ಬಿಡುವುದಿಲ್ಲ. ಇಬ್ಬರು ತಾಯಂದಿರನ್ನು ಒಟ್ಟಿಗೆ ಕರೆಯಿರಿ, ಆಗ ಮಾತು ಬರುತ್ತದೆ. ಬಸ್ ಚಾರ್ಜು, ಒಂದು ದಿನದ ಕೂಲಿ ಹೋಗಿದ್ದರೆ ಅದನ್ನೂ ಕೊಡಲು ನೋಡಿ. ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ 2019ರಲ್ಲಿ ಶುರುವಾದ 'ಸಲ್ಯೂಷನ್ಸ್ ಫಾರ್ ಕಿಡ್ಸ್ ಇನ್ ಪೇನ್' ಅನ್ನುವ ಜಾಲದಲ್ಲಿ ಸಂಶೋಧಕರು, ಆಸ್ಪತ್ರೆಗಳ ಜೊತೆ ಅಪ್ಪ ಅಮ್ಮಂದಿರೂ ಮಕ್ಕಳೂ ಪಾಲುದಾರರು. ಅಷ್ಟು ದೊಡ್ಡದು ನಮಗೆ ಬೇಡ. ಆದರೆ ಅಮ್ಮ ಇಲ್ಲದ ಟೀಮು ನಾವು ನಾವೇ ಬೆನ್ನು ತಟ್ಟಿಕೊಳ್ಳುವ ಟೀಮು.

ಮೊದಲ ಎರಡು ವಾರ ಬರೀ ಎಣಿಸಿ

ಏನನ್ನೂ ಬದಲಾಯಿಸಬೇಡಿ. ಒಂದು ಉದ್ದನೆಯ ನೋಟ್‌ಬುಕ್ ತನ್ನಿ, ಗೀಟು ಎಳೆಯಿರಿ. ಮಗುವಿನ ವಯಸ್ಸು, ಯಾವ ಕೆಲಸ (ರಕ್ತ, ಕ್ಯಾನುಲಾ ಅಂದರೆ ಡ್ರಿಪ್‌ಗಾಗಿ ರಕ್ತನಾಳದಲ್ಲಿ ಬಿಡುವ ಸಣ್ಣ ನಳಿಕೆ, ಇಂಜೆಕ್ಷನ್), ಎಷ್ಟು ಸಲ ಚುಚ್ಚಿದ್ದು, ನೋವಿಗೆ ಏನು ಮಾಡಿದ್ದು, ಅಮ್ಮ ಜೊತೆಯಲ್ಲಿದ್ದರಾ. ಹೆಸರು ಬರೆಯಬೇಡಿ.

ಎರಡು ವಾರದ ನಂತರ ನೋಟ್‌ಬುಕ್ ಮುಂದಿಟ್ಟುಕೊಂಡು ಐದೂ ಜನ ಕೂತರೆ ಬೇಡದ ಚುಚ್ಚುಗಳು ಕಣ್ಣಿಗೆ ಹೊಡೆಯುತ್ತವೆ. ಬೆಳಿಗ್ಗೆ ಒಂದು ಟೆಸ್ಟ್, ಮಧ್ಯಾಹ್ನ ಒಂದು. ಕ್ಯಾನುಲಾ ಹಾಕುವಾಗಲೇ ನೇರಳೆ ಮುಚ್ಚಳದ ಬಾಟ್ಲಿಗೂ ಕೆಂಪು ಮುಚ್ಚಳದ ಬಾಟ್ಲಿಗೂ ರಕ್ತ ತೆಗೆದುಕೊಂಡಿದ್ದರೆ ಒಂದು ಚುಚ್ಚು ಉಳಿಯುತ್ತಿತ್ತು. ಹಾಗಾಗಿ ರೌಂಡ್ಸ್‌ನಲ್ಲಿ ಡಾಕ್ಟರ್ "ಇವತ್ತು ಇನ್ನೇನಾದರೂ ಟೆಸ್ಟ್ ಬೇಕಾಗಬಹುದಾ?" ಅಂತ ತಮ್ಮನ್ನೇ ಕೇಳಿಕೊಳ್ಳುವುದು, ಸಿಸ್ಟರ್ ಅದನ್ನು ನೆನಪಿಸುವುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇನ್ನೊಂದು ಮಾತು. ನವಜಾತ ಶಿಶುವಿಗೆ ಹಿಮ್ಮಡಿ ಚುಚ್ಚಿ ಹಿಂಡುವುದಕ್ಕಿಂತ ಕೈ ಪಳಗಿದವರು ರಕ್ತನಾಳದಿಂದಲೇ ತೆಗೆದರೆ ನೋವು ಕಡಿಮೆ.

ನಾಲ್ಕು ಕೆಲಸ

ಅಮೆರಿಕದ ಮಿನೆಸೋಟಾ ಮಕ್ಕಳ ಆಸ್ಪತ್ರೆಯವರು ಸೂಜಿ ಚುಚ್ಚುವ ಪ್ರತಿ ಮಗುವಿಗೂ ನಾಲ್ಕು ಸೌಲಭ್ಯ ಕೊಡಲೇಬೇಕು ಅಂತ ನಿಯಮ ಮಾಡಿಕೊಂಡರು: ಚರ್ಮ ಮರಗಟ್ಟಿಸುವುದು, ಎಳೆ ಮಕ್ಕಳಿಗೆ ಎದೆಹಾಲು ಅಥವಾ ಸಕ್ಕರೆ ದ್ರಾವಣ, ಮಲಗಿಸಿ ಅದುಮದೆ ಮಡಿಲಲ್ಲಿ ಹಿಡಿಯುವುದು, ಗಮನ ಬೇರೆ ಕಡೆ ಸೆಳೆಯುವುದು. ನಮ್ಮಲ್ಲೂ ಈ ನಾಲ್ಕೂ ಆಗುತ್ತವೆ. ತೊಡಕು ಇರುವುದು ಟೈಮಿಂಗ್‌ನಲ್ಲಿ.

ಕ್ರೀಮನ್ನೇ ತೆಗೆದುಕೊಳ್ಳಿ. ಲಿಡೊಕೇನ್ ಮತ್ತು ಪ್ರಿಲೊಕೇನ್ ಇರುವ ಕ್ರೀಮನ್ನು ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಸುಮಾರು ಒಂದು ಗಂಟೆ ಬಿಡಬೇಕು. ಲ್ಯಾಬಿನವರು ಬಂದು ನಿಂತ ಮೇಲೆ ಹಚ್ಚಿದರೆ ಬರೀ ಬೆಣ್ಣೆ ಹಚ್ಚಿದ ಹಾಗೆ. ಹಾಗಾದರೆ ಒಂಬತ್ತು ಗಂಟೆಗೆ ಯಾರು ಹಚ್ಚುತ್ತಾರೆ? ಇಲ್ಲಿ ಐದು ಜನ ಕೂತು ಮಾತಾಡಬೇಕು. ನಾವು ಮಾಡಿದ್ದು ಹೀಗೆ: ನಾಳೆ ರಕ್ತ ತೆಗೆಯಬೇಕಾದ ಮಕ್ಕಳ ಕೇಸ್ ಶೀಟಿನ ಮೇಲೆ ರಾತ್ರಿ ಡ್ಯೂಟಿಯವರು ಪೆನ್ಸಿಲಿನಲ್ಲಿ ಒಂದು ಹೂವು ಬರೆಯುತ್ತಾರೆ. ಬೆಳಗಿನ ಸಿಸ್ಟರ್ ಹೂವು ನೋಡಿ ಕ್ರೀಮ್ ಹಚ್ಚುತ್ತಾರೆ, ಟೈಮನ್ನು ಪಟ್ಟಿಯ ಮೇಲೇ ಬರೆಯುತ್ತಾರೆ. ಬೆಳಿಗ್ಗೆ ಹೊಸದಾಗಿ ಟೆಸ್ಟ್ ಬರೆದ, ಹೂವಿಲ್ಲದ ಮಕ್ಕಳಿದ್ದರೆ ಲ್ಯಾಬಿನವರು ಅವರಿಂದ ಶುರು ಮಾಡುತ್ತಾರೆ. ಓಪಿಡಿಯಲ್ಲಾದರೆ ಟೋಕನ್ ಕೊಡುವಾಗಲೇ ಹಚ್ಚಬಹುದು. ಗಾಯದ ಮೇಲೆ ಹಚ್ಚಬಾರದು. ತುಂಬಾ ಎಳೆ ಶಿಶುಗಳಿಗೆ ಎಷ್ಟು ಹಚ್ಚಬೇಕು ಅಂತ ಡಾಕ್ಟರೇ ಬರೆಯಬೇಕು, ಜಾಸ್ತಿಯಾದರೆ ರಕ್ತದಲ್ಲಿ ಆಮ್ಲಜನಕ ಸಾಗುವುದಕ್ಕೆ ಅಡ್ಡಿಯಾಗಬಹುದು. ಮತ್ತೆ, ತುರ್ತು ಇದ್ದಾಗ ಒಂದು ಗಂಟೆ ಕಾಯುವ ಪ್ರಶ್ನೆಯೇ ಇಲ್ಲ.

ಎದೆಹಾಲು ಕುಡಿಯುವ ಮಗುವಾದರೆ ಚುಚ್ಚುವ ಸ್ವಲ್ಪ ಮೊದಲೇ ಹಾಲು ಕುಡಿಸಲು ಶುರು ಮಾಡಿ, ಚುಚ್ಚುವಾಗಲೂ ಆಮೇಲೂ ಮುಂದುವರಿಸಬೇಕು. ನಾಚಿಕೆ ಆಗದಂತೆ ಒಂದು ಪರದೆ ಕಟ್ಟಿಕೊಡಿ, ತಾಯಿ ಒಪ್ಪುತ್ತಾರೆ. ಸಕ್ಕರೆ ದ್ರಾವಣವನ್ನು ಆಸ್ಪತ್ರೆಯಲ್ಲಿ, ಸಾಮಾನ್ಯವಾಗಿ ಶೇ 24ರಷ್ಟು ಗಟ್ಟಿಯಾದದ್ದನ್ನು, ಚುಚ್ಚುವ ಎರಡು ನಿಮಿಷ ಮೊದಲು ಕೆಲವೇ ಹನಿ ಕೊಡುತ್ತಾರೆ. "ಹಾಗಾದ್ರೆ ಮನೇಲಿ ಜೇನುತುಪ್ಪ ನೆಕ್ಕಿಸಿಕೊಂಡು ಬರ್ಲಾ ಸಿಸ್ಟರ್?" ಅಂತ ಅಜ್ಜಿಯರು ಕೇಳುತ್ತಾರೆ. ಬೇಡವೇ ಬೇಡ. ವರ್ಷ ತುಂಬದ ಮಗುವಿಗೆ ಜೇನು ಅಪಾಯ.

ಹಿಡಿಯುವ ವಿಷಯ. ಮಲಗಿಸಿ ಅದುಮಿದರೆ ಹೆದರಿಕೆ ಜಾಸ್ತಿ. ಅಮ್ಮನ ಮಡಿಲಲ್ಲಿ, ಎದೆಗೆ ಎದೆ ತಾಗಿಸಿ ಕೂರಿಸಿ, ಒಂದು ಕೈ ಅಮ್ಮನ ಬೆನ್ನ ಹಿಂದೆ, ಇನ್ನೊಂದು ನಮಗೆ. ಮೂರು ವರ್ಷ ದಾಟಿದವರು ನೆಟ್ಟಗೆ ಕೂತರೆ ಒಳ್ಳೆಯದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆ ನೋವಿನ ಬಗ್ಗೆ ಹೇಳಿದ್ದರಲ್ಲಿ ಇದೂ ಇದೆ. ಪೋಷಕರು ಜೊತೆಗಿರಲಿ, ಸೂಜಿ ಹಾಕಿದ ಮೇಲೆ ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಎಳೆದು ರಕ್ತ ಬರುತ್ತದಾ ಅಂತ ನೋಡುವುದು ಲಸಿಕೆಗೆ ಬೇಡ, ಎರಡು ಮೂರು ಲಸಿಕೆ ಇದ್ದರೆ ಜಾಸ್ತಿ ಉರಿಯುವುದು ಕೊನೆಗೆ. ಚುಚ್ಚುವ ನೋವಿಗೆ ಅಂತ ಮೊದಲೇ ಪ್ಯಾರಾಸಿಟಮಾಲ್ ಕೊಡುವುದನ್ನೂ ಅದು ಹೇಳುವುದಿಲ್ಲ. ಆಮೇಲೆ ಜ್ವರ ಬಂದರೆ ಕೊಡುವುದು ಬೇರೆ ವಿಷಯ. ಆಶಾ ಕಾರ್ಯಕರ್ತೆಯರಿಗೆ ಇದನ್ನು ಹೇಳಿಕೊಟ್ಟರೆ ಅಂಗನವಾಡಿಯ ಲಸಿಕೆ ದಿನವೂ ಬದಲಾಗುತ್ತದೆ.

ಬಾಯಿಗೂ ಸ್ವಲ್ಪ ಲಗಾಮು ಬೇಕು. "ಏನೂ ಆಗಲ್ಲ, ಏನೂ ಆಗಲ್ಲ" ಅಂತ ಹೇಳಿದಷ್ಟೂ ಮಗು ಇನ್ನೂ ಹೆದರುತ್ತದೆ. ಏನೋ ಆಗುತ್ತದೆ ಅಂತ ಅದಕ್ಕೆ ಗೊತ್ತಾಗಿಬಿಡುತ್ತದೆ. ಸುಳ್ಳು ಹೇಳಬೇಡಿ, ಸುಮ್ನೆ ಬೇರೆ ಮಾತಿಗೆ ಎಳೆಯಿರಿ. ಜಾತ್ರೆಯ ಗಿರಗಿಟ್ಲೆ ಊದಿಸಿ, ಸೋಪಿನ ಗುಳ್ಳೆ ಬಿಡಿಸಿ, ಮನೆಯ ಕರುವಿನ ಹೆಸರು ಕೇಳಿ. ಇನ್ನು ಊಟ ಮಾಡದಿದ್ದರೆ "ಸಿಸ್ಟರ್ ಇಂಜೆಕ್ಷನ್ ಕೊಡ್ತಾರೆ ನೋಡು" ಅಂತ ಹೆದರಿಸುವ ಅಪ್ಪ ಅಮ್ಮಂದಿರಿಗೆ ನನ್ನದೊಂದು ಕೋರಿಕೆ: ದಯವಿಟ್ಟು ನಮ್ಮನ್ನು ಗುಮ್ಮ ಮಾಡಬೇಡಿ.

ನೋವನ್ನು ಅಳೆಯುವುದು

ಇದು ಬಿಟ್ಟರೆ ಮುಂದೆ ಯಾರೂ ನಂಬುವುದಿಲ್ಲ. ಮಾತು ಬಾರದ ಮಕ್ಕಳಿಗೆ ಫ್ಲಾಕ್ ಅನ್ನುವ ಅಳತೆ ಇದೆ, 1997ರಲ್ಲಿ ಬಂದದ್ದು. ಐದು ವಿಷಯ: ಮುಖ, ಕಾಲು, ಮೈ ಅಲುಗಾಟ, ಅಳು, ಸಮಾಧಾನ ಆಗುತ್ತದೆಯೇ. ಒಂದೊಂದಕ್ಕೂ 0, 1 ಅಥವಾ 2. ಒಟ್ಟು 10. ಉದಾಹರಣೆಗೆ ಮುಖ ಆಗಾಗ ಕಿವುಚಿದರೆ 1, ಕಾಲು ಝಾಡಿಸಿ ಒದ್ದರೆ 2, ಮೈ ಬಿಲ್ಲಿನ ಹಾಗೆ ಬಾಗಿದರೆ 2, ಬಿಡದೆ ಅತ್ತರೆ 2, ಅಮ್ಮ ತಟ್ಟಿದರೆ ಸುಮ್ಮನಾದರೆ 1. ಕೂಡಿದರೆ 8. ಇಬ್ಬರು ಬೇರೆ ಬೇರೆ ಬರೆದು ಹೋಲಿಸಿ ನೋಡಿ, ಒಂದು ವಾರದಲ್ಲಿ ಕೈ ಕೂರುತ್ತದೆ. ನಾಲ್ಕೈದು ವರ್ಷದ ಮೇಲಿನವರಿಗೆ ಮುಖಗಳ ಚಿತ್ರ ತೋರಿಸಿ ಅವರನ್ನೇ ಕೇಳಿ. ಅವರು ತೋರಿಸಿದ್ದನ್ನೇ ಬರೆಯಿರಿ, "ಇಲ್ಲ ಪುಟ್ಟಾ, ಅಷ್ಟೊಂದಿಲ್ಲ" ಅಂತ ಚೌಕಾಸಿ ಮಾಡಬೇಡಿ. ಗೋಡೆ ಕಡೆ ತಿರುಗಿ ಸುಮ್ಮನೆ ಮಲಗಿದ ಮಗುವನ್ನೂ ಕೇಳಿ. ಅಳುವುದನ್ನು ಬಿಟ್ಟ ಮಾತ್ರಕ್ಕೆ ನೋವು ಹೋಗಿರುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ಈ ತಿಂಗಳು ಮಡಿಲಲ್ಲಿ ಹಿಡಿಯುವುದು, ಮುಂದಿನ ತಿಂಗಳು ಕ್ರೀಮು. ಎಲ್ಲಾ ಒಟ್ಟಿಗೆ ಮಾಡಿದರೆ ಯಾವುದರಿಂದ ಅಂಕಿ ಇಳಿಯಿತು ಅಂತ ಗೊತ್ತಾಗುವುದಿಲ್ಲ.

ನಿಮ್ಮ ವಾರ್ಡಿನ ಕೆಲಸ ಸುಧಾರಿಸಲು ಇಷ್ಟು ಸಾಕು, ಮೇಲಿನವರ ಒಪ್ಪಿಗೆ ಪಡೆದಿರಬೇಕು. ಸಂಶೋಧನೆ ಅಂತ ಪ್ರಕಟಿಸುವ ಆಸೆ ಇದ್ದರೆ ಶುರು ಮಾಡುವ ಮೊದಲೇ ನೈತಿಕ ಸಮಿತಿಗೆ, ಅಂದರೆ ಸಂಶೋಧನೆಯಿಂದ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡಿಕೊಳ್ಳುವ ಸಮಿತಿಗೆ, ಹೋಗಿ. ಮುಗಿಸಿಕೊಂಡು ಹೋದರೆ ಬಾಗಿಲು ಮುಚ್ಚಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ತಂದೆ ತಾಯಿಯ ಸಹಿಯ ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಒಪ್ಪಿಗೆ, ಅದಕ್ಕಿಂತ ದೊಡ್ಡವರಾದರೆ ಬರಹದಲ್ಲೇ ಒಪ್ಪಿಗೆ ಬೇಕು. ಕಾಗದ ಕನ್ನಡದಲ್ಲಿರಲಿ. ಟೀಮಿನ ಅಮ್ಮನಿಗೆ ಮೊದಲು ಓದಲು ಕೊಡಿ. ಅವರಿಗೆ ಅರ್ಥವಾಗದ ಸಾಲು ಬೇರೆಯವರಿಗೂ ಆಗುವುದಿಲ್ಲ. ಹತ್ತಿರದ ಮೆಡಿಕಲ್ ಅಥವಾ ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಬೇಕೇ ಇರುತ್ತದೆ, ಲೆಕ್ಕ ಹಾಕಲು ಅವರನ್ನು ಹಿಡಿಯಿರಿ.

ಸೂಜಿಯಿಂದಲೇ ಯಾಕೆ ಶುರು ಅಂತ ಕೇಳಬಹುದು. ಕ್ಯಾನ್ಸರ್ ಮಕ್ಕಳ ನೋವು ಇದಕ್ಕಿಂತ ದೊಡ್ಡದು, ಅದಕ್ಕೆ ಮಾರ್ಫಿನ್ ಬೇಕು. 2014ರ ತಿದ್ದುಪಡಿಯ ನಂತರ ಮಾದಕ ವಸ್ತು ಕಾನೂನು ಸುಲಭವಾಗಿದ್ದರೂ ಆಸ್ಪತ್ರೆಗೆ ಮಾನ್ಯತೆ, ತರಬೇತಿ ಅಂತ ದಾರಿ ಉದ್ದ. ಒಟ್ಟಿಗೆ ಕೂತು ಮಾತಾಡುವ ಅಭ್ಯಾಸ ಸೂಜಿಯಲ್ಲೇ ಆಗಿಬಿಟ್ಟರೆ ಆ ದಾರಿಗೂ ಇದೇ ಐದು ಜನ ಇರುತ್ತಾರೆ.

ಕೊನೆಗೆ ಟ್ರಾನ್ಸ್‌ಫರ್ ಬಗ್ಗೆ. ಉತ್ಸಾಹದ ಡಾಕ್ಟರ್ ವರ್ಗವಾಗಿ ಹೋದರೆ ಎಲ್ಲಾ ನಿಂತುಹೋಗುತ್ತದೆ. ಅದಕ್ಕೆ ನೋಟ್‌ಬುಕ್ ಯಾರ ಬ್ಯಾಗಿನಲ್ಲೂ ಇರಬಾರದು. ನಮ್ಮದು ಡ್ರೆಸ್ಸಿಂಗ್ ಟ್ರಾಲಿಗೆ ದಾರದಲ್ಲಿ ಕಟ್ಟಿದೆ, ಪಕ್ಕದಲ್ಲಿ ಒಂದು ಪೆನ್ನು, ಸೋಪಿನ ಗುಳ್ಳೆಯ ಬಾಟ್ಲಿ. ಪೆನ್ನು ವಾರಕ್ಕೊಂದು ಕಳೆದುಹೋಗುತ್ತದೆ. ಬಾಟ್ಲಿ ಖಾಲಿಯಾದರೆ ಲ್ಯಾಬಿನ ಅಣ್ಣನೇ ಶಾಂಪೂ ನೀರು ಕಲಸಿ ತುಂಬಿಸಿಡುತ್ತಾರೆ.