ಕಾಂಡ್ಲಾ ಗಿಡದ ಬುಡದಲ್ಲಿ ವಿಆರ್ ಕ್ಯಾಮೆರಾ: ನನ್ನ ಅನುಭವ

ವಿಆರ್ (ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ನಾವೇ ಆ ಜಾಗದಲ್ಲಿ ಇದ್ದ ಹಾಗೆ ನೋಡುವ ವಿಡಿಯೋ) ತೋರಿಸಿ ಮಕ್ಕಳಲ್ಲಿ ಪರಿಸರದ ಕಾಳಜಿ ಹುಟ್ಟಿಸುತ್ತೇನೆ ಅಂದಾಗ ನಮ್ಮ ಬೀಚ್ ಕ್ಲೀನಿಂಗ್ ಗುಂಪಿನವರೇ ನಕ್ಕಿದ್ದರು. "ಅದು ಗೇಮ್ ಆಡುವ ಡಬ್ಬಿ ಮಾರಾಯ್ರೆ, ಆ ದುಡ್ಡಿಗೆ ಗೋಣಿಚೀಲ ತಗೊಳ್ಳಿ" ಅಂದರು. ಈಗ ಅವರೇ ಹೆಡ್‌ಸೆಟ್ ಕೇಳಿಕೊಂಡು ಬರುತ್ತಾರೆ!

ಎರಡು ಸೆಕೆಂಡ್ ಹ್ಯಾಂಡ್ ಕ್ವೆಸ್ಟ್ 2 ಹೆಡ್‌ಸೆಟ್, ಸುತ್ತಲಿನದ್ದೆಲ್ಲ ಒಟ್ಟಿಗೆ ಹಿಡಿಯುವ ಒಂದು 360 ಕ್ಯಾಮೆರಾ, ಪವರ್ ಬ್ಯಾಂಕ್ ಎಲ್ಲ ಸೇರಿ ಲಕ್ಷದ ಹತ್ತಿರ ಹೋಯಿತು. ಮಲ್ಪೆಯ ಮರಳು ಲೆನ್ಸ್ ಗೀರಿದ್ದಕ್ಕೆ ಮತ್ತೆ ಐದಾರು ಸಾವಿರ ದಂಡ.

ಮೊದಲು ಇಂಟರ್ನೆಟ್‌ನಲ್ಲಿ ಸಿಕ್ಕ ಹವಳದ ದಿಬ್ಬ, ಕರಗುವ ಹಿಮ ತೋರಿಸಿದೆ. ಮಕ್ಕಳು "ಓ!" ಅಂದರು, ಹೆಡ್‌ಸೆಟ್ ತೆಗೆದರು, ಚಿಪ್ಸ್ ತೊಟ್ಟೆ ಅಲ್ಲೇ ಬಿಸಾಡಿ ಹೋದರು. ಆಮೇಲೆ ದೋಣಿಯಲ್ಲಿ ಕೂತು ಶೂಟ್ ಮಾಡಿದ್ದನ್ನು ತೋರಿಸಿದಾಗ ಇನ್ನೂ ಕಷ್ಟವಾಯಿತು. ಒಬ್ಬ ಹುಡುಗ ವಾಂತಿ ಮಾಡಿದ. ಆ ಶಾಲೆಯ ಹೆಡ್‌ಮಾಸ್ಟರ್ ತುಂಬಾ ದಿನ ನನ್ನ ಫೋನೇ ಎತ್ತಲಿಲ್ಲ.

ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ, ವಿಆರ್‌ನಲ್ಲಿ ಕೈಯಾರೆ ಮರ ಕೊಯ್ದವರು ಆಮೇಲೆ ಪೇಪರ್ ನ್ಯಾಪ್‌ಕಿನ್ ಸುಮಾರು 20% ಕಡಿಮೆ ಬಳಸಿದ್ದರು. ಅಂಥ ಪ್ರೋಗ್ರಾಂ ಬರೆಸಲು ನಮ್ಮಲ್ಲಿ ದುಡ್ಡಿಲ್ಲ. ಆದರೆ ಹೊಳೆ ಇದೆಯಲ್ವಾ?

ಸೀತಾ, ಸುವರ್ಣಾ ಹೊಳೆಗಳು ಸಮುದ್ರ ಸೇರುವ ಕೋಡಿಬೆಂಗ್ರೆ ಕಡೆ ಕಾಂಡ್ಲಾ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬುಡದಲ್ಲಿ, ಇಳಿತದ ಹೊತ್ತಿಗೆ, ಕೆಸರಿನಿಂದ ಒಂದಡಿ ಮೇಲೆ ಕ್ಯಾಮೆರಾ ನೆಟ್ಟೆ. ಆರು ಗಂಟೆಯ ಭರತವನ್ನು ಮೂರು ನಿಮಿಷಕ್ಕೆ ಇಳಿಸಿದೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಹಾಗಾಗಿ ತಲೆ ತಿರುಗುವುದಿಲ್ಲ. ನೀರು ನೋಡುವವರ ಗಲ್ಲದವರೆಗೆ ಏರುತ್ತದೆ, ಜೊತೆಗೆ ಹಾಲಿನ ತೊಟ್ಟೆ, ಗುಟ್ಕಾ ಪ್ಯಾಕೆಟ್, ಒಂಟಿ ಚಪ್ಪಲಿ ಮುಖದ ಹತ್ತಿರವೇ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಆಚೀಚೆ ಹೋಗಿ, ಆಗ ನೀರು ಜಾಸ್ತಿ ಏರುತ್ತದೆ. ಎರಡು ಲೆನ್ಸಿನ ಚಿತ್ರ ಸೇರುವ ಸ್ಟಿಚ್ ಗೆರೆ ಹತ್ತಿರದ ಬೇರಿನ ಮೇಲೆ ಬೀಳಬಾರದು, ಬೇರು ತುಂಡಾಗಿ ಕಾಣುತ್ತದೆ. ನೀರಿನ ಸೆಳೆತಕ್ಕೆ ಕ್ಯಾಮೆರಾದ ಕಂಬ ಯಾಕೆ ಅಲುಗಲಿಲ್ಲ ಅಂತ ಕೇಳಬೇಡಿ, ಅದನ್ನು ಹೇಳುವುದಿಲ್ಲ.

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೆಡ್‌ಸೆಟ್ ಒಳಗಿಂದಲೇ ಕಿರುಚಿದಳು: "ಸರ್, ಇದು ನಮ್ಮ ಅಂಗಡಿ ತೊಟ್ಟೆ!" ಅವಳ ಮಾವನ ಅಂಗಡಿಯ ಹೆಸರು ಅದರ ಮೇಲೆ ಅಚ್ಚಾಗಿತ್ತು. ಅಲ್ಲಿಗೆ ನನ್ನ ಭಾಷಣ ಬೇಕಾಗಲಿಲ್ಲ.

ಹೆಡ್‌ಸೆಟ್ ತೆಗೆದ ಕೂಡಲೇ ಕೈಗೆ ಗೋಣಿ ಕೊಟ್ಟು ಅದೇ ಜಾಗಕ್ಕೆ ಕರೆದುಕೊಂಡು ಹೋಗಬೇಕು. ನಾಳೆ ಅಂದರೆ ಅರ್ಧಕ್ಕರ್ಧ ಬರುವುದಿಲ್ಲ, ನೋಡಿದ್ದೇನೆ. ಆ ಹುಡುಗಿಯ ಶಾಲೆಯಿಂದ ಈಗ ತಿಂಗಳಿಗೆ ಎಂಟು-ಹತ್ತು ಕೆಜಿ ಒಣ ಪ್ಲಾಸ್ಟಿಕ್ ಪಂಚಾಯತ್ ಗಾಡಿಗೆ ಹೋಗುತ್ತದೆ.

ಸುಮ್ನೆ ಕುತೂಹಲಕ್ಕೆ ಮಲ್ಪೆಯಲ್ಲಿ ಮೀನು ಮಾರುವ ಅಕ್ಕಂದಿರಿಗೂ ಹಾಕಿದೆ. "ಇದೆಲ್ಲ ದಿನಾ ಬಲೆಯಲ್ಲಿ ಬರ್ತದೆ, ನೋಡ್ಲಿಕ್ಕೆ ಕನ್ನಡಕ ಬೇಕಾ?" ಅಂದರು. ಅವರಿಗೆ ಇದು ನಡೆಯುವುದಿಲ್ಲ.

ಅಂಗಡಿ ಮಾವನಿಗೂ ತೋರಿಸಿದೆ. 2016ರಿಂದಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ, ಅವರಿಗೂ ಗೊತ್ತು. ತೊಟ್ಟೆಯ ಮೇಲೆ ಹೆಸರು ಅಚ್ಚು ಹಾಕಿಸುವುದನ್ನು ನಿಲ್ಲಿಸಿದರು, ತೊಟ್ಟೆ ಕೊಡುವುದನ್ನಲ್ಲ! ಆ ಹುಡುಗಿಯೇ ಈಗ ಮಾವನ ಬೆನ್ನು ಹತ್ತಿದ್ದಾಳೆ.

ಹೆಡ್‌ಸೆಟ್ ಬೇಕಾದವರು ದಿನಕ್ಕೆ ಎರಡು ಸಾವಿರ ಕೊಟ್ಟು ಒಯ್ಯಬಹುದು. ಸೆಕೆಗೆ ಲೆನ್ಸ್ ಮಂಜಾಗುತ್ತದೆ, ಫ್ಯಾನ್ ಕೆಳಗೇ ಕೂರಿಸಿ. ಹಾಕಿದ ದುಡ್ಡಿನಲ್ಲಿ ಅರ್ಧ ವಾಪಸ್ ಬಂದಿದೆ.