ಹಳೆ ಮನೆಯ ನೆಲ: ಕೀಳುವ ಮೊದಲು ತೇವದ ಜಾಡು ಹಿಡಿಯಿರಿ

ಊರ ಮನೆ ರಿಪೇರಿ ಮಾಡಿಸಲು ಮುಂಬೈಯಿಂದಲೋ ಬೆಂಗಳೂರಿನಿಂದಲೋ ಬಂದವರು ಮೊದಲು ಕೈ ಹಾಕುವುದು ನೆಲಕ್ಕೆ. ಕೆಂಪು ನೆಲ ಮಾಸಿದೆ, ಅಲ್ಲಲ್ಲಿ ಪುಡಿ ಏಳುತ್ತಿದೆ, ಆಷಾಢದಲ್ಲಿ ಕಾಲಿಟ್ಟರೆ ಪಸೆ. ಅದರ ಮೇಲೆಯೇ ವಿಟ್ರಿಫೈಡ್ ಟೈಲ್ಸ್ ಹಾಕಿಸಿಬಿಡೋಣ ಎಂದು ತೀರ್ಮಾನವಾಗುತ್ತದೆ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಟೈಲ್ಸಿನ ಸಂದಿಯಲ್ಲಿ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ, ಗೋಡೆಯ ಬುಡದಲ್ಲಿ ಬಣ್ಣ ಉಬ್ಬುತ್ತದೆ.

ಇದಕ್ಕೆ ಟೈಲ್ಸ್ ಅಂಗಡಿಯವರನ್ನು ದೂರಿ ಫಲವಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಚಿರೇಕಲ್ಲು (ಕೆಂಪು ಜಂಬಿಟ್ಟಿಗೆ), ಮಣ್ಣಿನಲ್ಲಿ ಕಟ್ಟಿದ ಹಳೆ ಮನೆಗಳ ಪಾಯದಲ್ಲಿ ತೇವ ತಡೆಯುವ ಪದರವೇ ಇರುವುದಿಲ್ಲ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಇದು. ನೆಲದಡಿಯ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ, ನೆಲದ ಮೈಯಿಂದಲೇ ಆರಿಹೋಗುತ್ತಿತ್ತು. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ 0.5ರಷ್ಟೂ ನೀರು ಹೀರುವುದಿಲ್ಲ. ಆ ದಾರಿ ಮುಚ್ಚಿದಾಗ ನೀರು ಗೋಡೆ ಹತ್ತುತ್ತದೆ.

ಹಾಗಾಗಿ ನೆಲದ ಕೆಲಸ ಶುರುವಾಗಬೇಕಾದದ್ದು ಅಂಗಳದಲ್ಲಿ. ಮಾಡಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಗಟಾರಕ್ಕೆ ಹೋಗುತ್ತದೆಯೋ ಪಾಯಕ್ಕೆ ಇಂಗುತ್ತದೆಯೋ ನೋಡಿ. ರಸ್ತೆ ಏರಿಸಿ ಏರಿಸಿ ಅಂಗಳವೇ ಜಗಲಿಯ ಮಟ್ಟಕ್ಕೆ ಬಂದಿರುವ ಮನೆಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಅಂಗಳಕ್ಕೆ ಸಿಮೆಂಟು ಹಾಕಿಸಿದ್ದರೆ ಅದರ ಇಳಿಜಾರು ಯಾವ ಕಡೆಗಿದೆ ಎಂಬುದನ್ನು ಒಂದು ಕೊಡ ನೀರು ಚೆಲ್ಲಿದರೆ ತಿಳಿಯಬಹುದು. ಬಚ್ಚಲಿನ ಪೈಪು ಸೋರುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಇವಿಷ್ಟನ್ನು ಸರಿಪಡಿಸಿದ ಮೇಲೆ ಒಂದು ಮಳೆಗಾಲ ಕಾಯುವ ತಾಳ್ಮೆಯಿದ್ದರೆ ಅರ್ಧ ಖರ್ಚು ಉಳಿದೀತು.

ನಂತರ ಒಂದು ಪರೀಕ್ಷೆ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ನೀರು ನೆಲದಿಂದ ಬರುತ್ತಿದೆ ಎಂದರ್ಥ. ಹಾಳೆಯ ಮೇಲ್ಮೈ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ಅದಕ್ಕೆ ಕಿಟಕಿ ತೆರೆಯಬೇಕು, ನೆಲ ಕೀಳಬೇಕಿಲ್ಲ.

ನೆಲ ಯಾವ ಜಾತಿಯದು?

ಸಗಣಿ ಸಾರಿಸಿದ ನೆಲ ಹಿಂಬದಿಯ ಕೋಣೆಗಳಲ್ಲಿ ಇನ್ನೂ ಉಳಿದಿದ್ದರೆ ಗುಂಡಿ ಬಿದ್ದಲ್ಲಿ ಮಣ್ಣು ತುಂಬಿ, ನೀರು ಚಿಮುಕಿಸಿ, ಬಡಿದು ಮತ್ತೆ ಸಾರಿಸಿದರೆ ಸಾಕು. ಕಪ್ಪು ಬರಲೆಂದು ಹಳೆ ಟಾರ್ಚ್ ಸೆಲ್ ಒಡೆದು ಆ ಪುಡಿಯನ್ನು ಕಲಸುವ ರೂಢಿ ಇತ್ತು. ಮಕ್ಕಳು ಹೊರಳಾಡುವ ನೆಲಕ್ಕೆ ಅದು ಬೇಡ, ಕರಟ ಸುಟ್ಟ ಮಸಿಯೇ ಸಾಕು.

ಸುಟ್ಟ ಮಣ್ಣಿನ ಬಿಲ್ಲೆಗಳ ನೆಲವಿದ್ದರೆ ಒಂದನ್ನೂ ಎಸೆಯಬೇಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಹೆಂಚಿನ ಕಸುಬಿನ ಸರಕು ಅದು. ಒಡೆದವನ್ನು ಮಾತ್ರ ತೆಗೆದು, ಹಳೆ ಮನೆ ಕೆಡಹುವಲ್ಲಿ ಸಿಗುವ ಅದೇ ಅಳತೆಯ ಬಿಲ್ಲೆಯನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ. ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲಾದರೆ, ಅದು ಸುಣ್ಣದಕಲ್ಲಿನ ಜಾತಿ. ಅದಕ್ಕೆ ಆ್ಯಸಿಡ್ ತಾಗಿಸಲೇಬಾರದು.

ಕೆಂಪು ನೆಲಕ್ಕೆ ಹೊಸ ಮೈ

ಹೆಚ್ಚಿನ ಮನೆಗಳಲ್ಲಿ ಇರುವುದು ಸಿಮೆಂಟಿಗೆ ಆಕ್ಸೈಡ್ ಎಂಬ ಕೆಂಪು ಬಣ್ಣದ ಪುಡಿ ಬೆರೆಸಿ ಮಾಡಿದ ರೆಡ್ ಆಕ್ಸೈಡ್ ನೆಲ. ಇದನ್ನು ಪೂರ್ತಿ ಕೀಳುವ ಪ್ರಸಂಗ ಜನ ತಿಳಿದಷ್ಟು ಬರುವುದಿಲ್ಲ. ಮೊದಲು ಕರಟದಿಂದ ನೆಲವನ್ನು ಅಡಿ ಅಡಿಗೂ ತಟ್ಟುತ್ತ ಬನ್ನಿ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅರ್ಧಕ್ಕಿಂತ ಕಡಿಮೆ ಜಾಗ ಟೊಳ್ಳಾಗಿದ್ದರೆ ತೇಪೆ ಹಾಕುವುದೇ ಲೇಸು ಎನ್ನುವುದು ನನ್ನ ಲೆಕ್ಕ.

ಹಳೆ ಮೇಣ, ಎಣ್ಣೆಯ ಜಿಡ್ಡು ಹೋಗಲು ಅಂಟುವಾಳದ ನೀರಿನಲ್ಲಿ ಉಜ್ಜಿ ತೊಳೆಯಿರಿ. ಪಾಯಿಖಾನೆ ತೊಳೆಯುವ ಆ್ಯಸಿಡ್ ಹಾಕಿದರೆ ಕೊಳೆಯ ಜತೆ ಸಿಮೆಂಟೂ ಹೋಗುತ್ತದೆ. ಬಿರುಕುಗಳನ್ನು ಉಳಿಯಿಂದ ತುಸು ಅಗಲಿಸಿ, ಧೂಳು ತೆಗೆದು, ಒದ್ದೆ ಮಾಡಿ, ಸಿಮೆಂಟು, ಆಕ್ಸೈಡು ಮತ್ತು ಜರಡಿ ಹಿಡಿದ ನಯ ಮರಳಿನ ಗಾರೆ ತುಂಬಿ.

ಕಷ್ಟವಿರುವುದು ಬಣ್ಣ ಹೊಂದಿಸುವುದರಲ್ಲಿ. ಒದ್ದೆಯಿದ್ದಾಗ ಕಾಣುವ ಕೆಂಪು ಒಣಗಿದಾಗ ತಿಳಿಯಾಗುತ್ತದೆ. ಮೂರ್ನಾಲ್ಕು ಪ್ರಮಾಣದಲ್ಲಿ ಕಲಸಿ ಹೆಂಚಿನ ಚೂರುಗಳ ಮೇಲೆ ಹಚ್ಚಿಟ್ಟು, ವಾರ ಬಿಟ್ಟು ನೆಲದ ಪಕ್ಕ ಹಿಡಿದು ನೋಡಿ ಆರಿಸಿ. ಬಣ್ಣ ಗಾಢವಾಗಲೆಂದು ಆಕ್ಸೈಡನ್ನು ಸುರಿಯುವ ಚಪಲ ಮೇಸ್ತ್ರಿಗಳಿಗೂ ಇದೆ. ಸಿಮೆಂಟಿನ ತೂಕದ ಹತ್ತನೇ ಒಂದು ಪಾಲು ಮೀರಿದರೆ ಬಣ್ಣ ಹೆಚ್ಚುವುದಿಲ್ಲ, ಗಟ್ಟಿತನ ಕಡಿಮೆಯಾಗುತ್ತದೆ. ಏನೇ ಮಾಡಿದರೂ ತೇಪೆ ಸ್ವಲ್ಪ ಕಂಡೇ ಕಾಣುತ್ತದೆ. ಅದನ್ನು ಸಹಿಸಲಾರದವರು ಇಡೀ ಚೌಕವನ್ನೇ ಹೊಸದಾಗಿ ಹಾಕಿಸಲಿ.

ತೇಪೆಯನ್ನು ವಾರವಿಡೀ ಒದ್ದೆ ಗೋಣಿಯಲ್ಲಿ ಮುಚ್ಚಿಡಿ. ಚೆನ್ನಾಗಿ ಒಣಗಿದ ಮೇಲೆ 220, 400, 600 ನಂಬರಿನ ವಾಟರ್ ಪೇಪರಿನಲ್ಲಿ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ನೀರು ಹಾಕಿಕೊಂಡು ಒಂದರ ನಂತರ ಒಂದರಂತೆ ಉಜ್ಜಬೇಕು. ಒಣ ನೆಲ ಉಜ್ಜಿದರೆ ಏಳುವ ಧೂಳು ಎದೆಗೆ ಒಳ್ಳೆಯದಲ್ಲ. ಕೊನೆಗೆ ಬಟ್ಟೆಯಲ್ಲಿ ತೆಳ್ಳಗೆ ತೆಂಗಿನೆಣ್ಣೆ ಸವರಿ, ತೆಂಗಿನ ಸಿಪ್ಪೆಯಿಂದ ತಿಕ್ಕಿ. ಹೊಳಪಿನ ಆಸೆಗೆ ಎಪಾಕ್ಸಿಯನ್ನೋ ಫ್ಲೋರ್ ಪೇಂಟನ್ನೋ ಬಳಿಸಿದರೆ ಟೈಲ್ಸ್ ಹಾಕಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ತೇವದ ಒತ್ತಡಕ್ಕೆ ಅದು ಹಪ್ಪಳದಂತೆ ಎದ್ದು ಬರುತ್ತದೆ.

ಕೀಳಲೇಬೇಕಾದರೆ

ಜನವರಿಗೆ ಮೊದಲು ಬೇಡ. ದೀಪಾವಳಿಗೆ ಮಳೆ ನಿಂತಂತೆ ಕಂಡರೂ ಗೋಡೆಯೊಳಗಿನ ನೀರು ಆರಲು ಇನ್ನೂ ಕೆಲವು ವಾರ ಬೇಕು. ಗೋಡೆಗೆ ತಾಗಿದ ಒಂದಡಿ ಜಾಗದಲ್ಲಿ ಬ್ರೇಕರ್ ಯಂತ್ರ ಓಡಿಸಕೂಡದು. ಮಣ್ಣಿನ ಗಾರೆಯ ಗೋಡೆ ನಡುಗುತ್ತದೆ. ಅಲ್ಲಿ ಉಳಿ, ಸುತ್ತಿಗೆಯೇ ಸರಿ. ಹೊಸ್ತಿಲು, ಬಾಗಿಲಿನ ಅಡಿ, ಬಚ್ಚಲಿನ ಮಟ್ಟ ಇವನ್ನೆಲ್ಲ ಗೋಡೆಯ ಮೇಲೆ ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಮರದ ಕಂಬವಿದ್ದರೆ ಅದರ ಬುಡದ ಕಲ್ಲು ಹೊಸ ನೆಲಕ್ಕಿಂತ ಮೇಲೆಯೇ ಇರಬೇಕು. ಕಾಂಕ್ರೀಟಿನಲ್ಲಿ ಹೂತ ಮರದ ಬುಡ ಗೆದ್ದಲಿಗೆ ಆಹ್ವಾನ.

ಒಂಬತ್ತು ಇಂಚು ಅಗೆದು, ಮಣ್ಣನ್ನು ದಮ್ಮಸು ಮಾಡಿ, ನಾಲ್ಕು ಇಂಚು ದಪ್ಪಕ್ಕೆ 40 ಮಿ.ಮೀ. ಜಲ್ಲಿ ಹರಡಿ. ಜಲ್ಲಿಯಲ್ಲಿ ಪುಡಿ ಇರಬಾರದು. ದೊಡ್ಡ ಸಂದುಗಳಿದ್ದರೆ ನೀರು ಮೇಲೇರಲಾರದು. ಇದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವುದು ಹೊಸ ಮನೆಗೆ ಸರಿ. ಮಣ್ಣು ಗಾರೆಯ ಹಳೆ ಗೋಡೆಗಳ ನಡುವೆ ನಾನಂತೂ ಹಾಸೆನ್ನುವುದಿಲ್ಲ. ಅದರ ಬದಲು ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಕಾಂಕ್ರೀಟು ಮೂರು ಇಂಚು ಹಾಕಿಸಿ. ಅಘನಾಶಿನಿ ಅಳಿವೆಯಂಥ ಕಡೆ ಸಿಗುವ ಬಳಚಿನ (ಕಪ್ಪೆಚಿಪ್ಪಿನ ಜಾತಿಯ ಜೀವಿ) ಚಿಪ್ಪು ಸುಟ್ಟ ಸುಣ್ಣ ಇದಕ್ಕೆ ಒದಗುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳದೆ ಸುಣ್ಣ ಮುಟ್ಟಬೇಡಿ.

ಮರಳಿನ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಅಳಿವೆಯ ಹತ್ತಿರ ತೆಗೆದ ಮರಳಿನಲ್ಲಿ ಉಪ್ಪಿರುತ್ತದೆ, ಆ ಉಪ್ಪೇ ಮುಂದೆ ನೆಲದ ಮೇಲೆ ಬಿಳಿ ಹೂವಾಗಿ ಏಳುತ್ತದೆ. ಒಂದು ಮುಷ್ಟಿ ಮರಳನ್ನು ಲೋಟ ಸಿಹಿನೀರಿನಲ್ಲಿ ಕಲಕಿಟ್ಟು, ತಿಳಿಯಾದ ಮೇಲೆ ನಾಲಿಗೆ ತುದಿಗೆ ಹಚ್ಚಿ ನೋಡಿ. ಬೇಸಿಗೆಯಲ್ಲಿ ಸವಳಾಗುವ ಬಾವಿಯ ನೀರನ್ನೂ ಗಾರೆ ಕಲಸಲು ಬಳಸಬೇಡಿ.

ಆಮೇಲೆ ಒಂದು ಇಂಚು ಸಿಮೆಂಟು ಗಾರೆ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನಂತೆ. ಅದು ಹಸಿಯಿರುವಾಗಲೇ ಮೇಲಿನ ಆಕ್ಸೈಡ್ ಪದರ, ಸುಮಾರು 4 ಮಿ.ಮೀ. ಇಡೀ ಕೋಣೆಗೆ ಬೇಕಾಗುವಷ್ಟು ಸಿಮೆಂಟು, ಆಕ್ಸೈಡನ್ನು ಒಣದಾಗಿಯೇ ಒಮ್ಮೆಗೇ ಕಲಸಿ ಜರಡಿ ಹಿಡಿದಿಟ್ಟುಕೊಂಡರೆ ಬಣ್ಣ ಮಜಲು ಮಜಲಾಗುವುದಿಲ್ಲ. ನಾಲ್ಕಡಿಗೊಂದು ಗೆರೆ ಬಿಟ್ಟು ಚೌಕ ಮಾಡಿಸಿ. ಬಿರುಕು ಬಂದರೂ ಆ ಗೆರೆಯಲ್ಲೇ ಅಡಗುತ್ತದೆ. ಕೆಲಸ ನಡೆಯುವಾಗ ಸಮುದ್ರದ ಕಡೆಯ ಕಿಟಕಿ ಮುಚ್ಚಿರಲಿ, ಗಾಳಿಗೆ ಮೇಲ್ಮೈ ಬೇಗ ಒಣಗಿ ಸೀಳುತ್ತದೆ. ಮರುದಿನದಿಂದ ಬಾಗಿಲಿಗೆ ಮಣ್ಣಿನ ಕಟ್ಟೆ ಕಟ್ಟಿ ಏಳು ದಿನ ನೀರು ನಿಲ್ಲಿಸಿ.

ನೀರು ತೆಗೆದ ಮೇಲೆ ಮೊದಲ ತಿಂಗಳು ಮಂಚ, ಕಪಾಟು ಎಳೆದಾಡಬೇಡಿ, ಎತ್ತಿಯೇ ಇಡಿ. ಅಡುಗೆಮನೆಯಲ್ಲಿ ನಿಂಬೆರಸ, ಹುಣಸೆಹುಳಿ ಚೆಲ್ಲಿದರೆ ತಕ್ಷಣ ಒರೆಸಬೇಕು, ಹುಳಿ ಕೂತಲ್ಲಿ ಮಂಕು ಕಲೆ ಉಳಿಯುತ್ತದೆ. ಮೊದಲ ವರ್ಷ ಬಿಳಿ ಉಪ್ಪು ಅಲ್ಪಸ್ವಲ್ಪ ಎದ್ದರೆ ಒಣ ಬ್ರಶ್ಶಿನಿಂದ ಗುಡಿಸಿ ಹೊರಗೆ ಚೆಲ್ಲಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ.